ಪ್ಲಾನ್ ಫ್ರೀಜ್ ಮಾಡುವುದು, ಬದಲಾವಣೆಯ ಲೆಕ್ಕ ಇಡುವುದು: ಉತ್ಪಾದನಾ ಯೋಜನೆಯ ಸಾಫ್ಟ್‌ವೇರ್‌ಗೆ ಸಮಗ್ರ ಮಾರ್ಗದರ್ಶಿ

ಉತ್ಪಾದನಾ ಯೋಜನೆಗೆ ಒಳ್ಳೆಯ ಸಾಫ್ಟ್‌ವೇರ್ ಹಾಕಿಕೊಂಡ ಮೇಲೂ ಶಾಪ್ ಫ್ಲೋರ್‌ನಲ್ಲಿ ಬೆಳಿಗ್ಗೆ ಒಂದು ಪಟ್ಟಿ, ಮಧ್ಯಾಹ್ನ ಇನ್ನೊಂದು ಪಟ್ಟಿ ಓಡಾಡುತ್ತಿದ್ದರೆ ಸಾಮಾನ್ಯವಾಗಿ ಎರಡು ಕೊರತೆಗಳಿರುತ್ತವೆ. ಯಾವ ದಿನದವರೆಗಿನ ಪ್ಲಾನನ್ನು ಮುಟ್ಟಬಾರದು ಎಂಬುದು ಸಿಸ್ಟಂಗೆ ಗೊತ್ತಿಲ್ಲ. ಮುಟ್ಟಿದಾಗ ಯಾರು ಮುಟ್ಟಿದರು, ಏಕೆ ಮುಟ್ಟಿದರು ಎಂಬುದು ಯಾರಿಗೂ ಗೊತ್ತಿಲ್ಲ. ಮೊದಲನೆಯದಕ್ಕೆ ಫ್ರೋಜನ್ ಪೀರಿಯಡ್ ಬೇಕು, ಎರಡನೆಯದಕ್ಕೆ ಚೇಂಜ್ ಟ್ರ್ಯಾಕಿಂಗ್ ಬೇಕು.

ಬಹಳಷ್ಟು ಕಡೆ ಇವೆರಡನ್ನೂ ಬೇರೆ ಬೇರೆ ತಂಡಗಳು, ಬೇರೆ ಬೇರೆ ಹೊತ್ತಿನಲ್ಲಿ ಮಾಡುತ್ತವೆ. ನನ್ನ ಪ್ರಕಾರ ಎಡವಟ್ಟಾಗುವುದು ಅಲ್ಲೇ. ದಾಖಲೆ ಇಡದೆ ಫ್ರೀಜ್ ಮಾಡಿದರೆ ಜನ ಹಿಂಬಾಗಿಲಿನಿಂದ ಪ್ಲಾನ್ ಬದಲಾಯಿಸುತ್ತಾರೆ. ಫ್ರೀಜ್ ಇಲ್ಲದೆ ದಾಖಲೆ ಇಟ್ಟರೆ ರಾತ್ರಿಯ ಎಂಆರ್‌ಪಿ ರನ್ (ಯಾವ ಮೆಟೀರಿಯಲ್ ಎಷ್ಟು, ಯಾವಾಗ ಬೇಕು ಎಂದು ಸಿಸ್ಟಂ ಮಾಡುವ ಲೆಕ್ಕ) ಎಬ್ಬಿಸುವ ಸಾವಿರಾರು ಸಾಲುಗಳ ನಡುವೆ ನಿಜಕ್ಕೂ ನೋಡಬೇಕಾದ ಹತ್ತು ಬದಲಾವಣೆ ಕಾಣದೇ ಹೋಗುತ್ತವೆ. ಹಾಗಾಗಿ ಇಲ್ಲಿ ಎರಡನ್ನೂ ಒಟ್ಟಿಗೇ ಕಟ್ಟುತ್ತಾ ಹೋಗೋಣ.

ಎರಡು ನಗ ಹೆಚ್ಚಾದರೆ ಏನಾಗುತ್ತದೆ

ಒಂದು ಉತ್ಪನ್ನದ ಸ್ಟಾಕ್ 100 ಇದೆ, ವಾರದ ಬೇಡಿಕೆ 50, ಲಾಟ್ ಗಾತ್ರ (ಒಂದು ಸಲಕ್ಕೆ ಮಾಡುವ ಪ್ರಮಾಣ) 100 ಎಂದುಕೊಳ್ಳಿ. ಎರಡನೇ ವಾರದ ಕೊನೆಗೆ ಸ್ಟಾಕ್ ಸೊನ್ನೆಯಾಗುತ್ತದೆ, ಮುಂದಿನ 100ರ ಆರ್ಡರ್ ಮೂರನೇ ವಾರಕ್ಕೆ ಬಂದರೆ ಸಾಕು. ಈಗ ಎರಡನೇ ವಾರದ ಬೇಡಿಕೆ 50ರಿಂದ 52 ಆಯಿತು. ಕೊರತೆ ಬರೀ ಎರಡು ನಗ. ಆದರೆ ಸಿಸ್ಟಂ ಇಡೀ 100ರ ಆರ್ಡರನ್ನೇ ಒಂದು ವಾರ ಮುಂಚೆ ಎಳೆಯುತ್ತದೆ. ಜೋಡಣೆಗೆ ಒಂದು ವಾರ ಬೇಕಿದ್ದರೆ ಅದು ಇವತ್ತೇ ಶುರುವಾಗಬೇಕು. ಅದರ ಬಿಡಿಭಾಗಗಳು ಮುಂದಿನ ವಾರ ಬರಬೇಕಿದ್ದವು, ಅವೂ ಇವತ್ತೇ ಬೇಕು. ಬಿಲ್ ಆಫ್ ಮೆಟೀರಿಯಲ್‌ನಲ್ಲಿ (ಉತ್ಪನ್ನಕ್ಕೆ ಬೇಕಾದ ಬಿಡಿಭಾಗಗಳ ಪಟ್ಟಿ) ಒಂದೊಂದು ಹಂತ ಇಳಿದಂತೆಲ್ಲ ಲಾಟ್ ಗಾತ್ರಗಳು ಈ ಕದಲಿಕೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ. ಯೋಜನೆಯ ಭಾಷೆಯಲ್ಲಿ ಇದನ್ನು ನರ್ವಸ್‌ನೆಸ್ ಎನ್ನುತ್ತಾರೆ.

ಎರಡು ನಗದ ಕೊರತೆಯನ್ನು ಸೇಫ್ಟಿ ಸ್ಟಾಕ್ (ಏರುಪೇರಿಗೆಂದು ಇಡುವ ಹೆಚ್ಚುವರಿ ಸ್ಟಾಕ್) ನುಂಗಬೇಕಿತ್ತು. ಇಲ್ಲವೇ ಗ್ರಾಹಕರೊಂದಿಗೆ ಮಾತಾಡಿ ಎರಡು ನಗವನ್ನು ಒಂದು ವಾರ ತಡವಾಗಿ ಕಳಿಸಬಹುದಿತ್ತು. ಇಂಥ ತೀರ್ಮಾನ ಮನುಷ್ಯರು ಮಾಡುವಂಥದ್ದು. ಅದಕ್ಕೆ ಅವಕಾಶ ಕೊಡದೆ ಸಿಸ್ಟಂ ತಾನೇ ಆರ್ಡರ್ ಎಳೆದುಬಿಡುವುದನ್ನು ತಡೆಯುವುದೇ ಫ್ರೀಜ್‌ನ ಕೆಲಸ.

ಹಂತ 1: ಗಡಿ ಎಲ್ಲಿ ಎಂದು ಲೆಕ್ಕ ಹಾಕಿ

ಫ್ರೀಜ್ ಎಷ್ಟು ದಿನ ಇರಬೇಕು ಎಂದು ಮೀಟಿಂಗ್‌ನಲ್ಲಿ ಕೇಳಿದರೆ ಉತ್ಪಾದನೆಯವರು ಒಂದು ತಿಂಗಳು ಎನ್ನುತ್ತಾರೆ, ಸೇಲ್ಸ್‌ನವರು ಒಂದು ದಿನವೂ ಬೇಡ ಎನ್ನುತ್ತಾರೆ. ಚೌಕಾಸಿ ಮಾಡಿ ನಡುವಿನ ಒಂದು ಸಂಖ್ಯೆಗೆ ಬರಬೇಡಿ. ಆ ಸಂಖ್ಯೆ ನಿಮ್ಮ ಉತ್ಪಾದನಾ ಹರಿವಿನಲ್ಲೇ ಇದೆ.

ಯೋಜನೆಯ ಕಾಲವನ್ನು ಸಾಮಾನ್ಯವಾಗಿ ಮೂರು ವಲಯ ಮಾಡುತ್ತಾರೆ. ಹತ್ತಿರದ್ದು ಫ್ರೋಜನ್: ಇಲ್ಲಿ ಸಿಸ್ಟಂ ತಾನಾಗಿ ಏನನ್ನೂ ಬದಲಾಯಿಸುವಂತಿಲ್ಲ, ಮನುಷ್ಯರು ಬದಲಾಯಿಸಬೇಕಾದರೆ ಮೇಲಿನ ಹಂತದ ಅನುಮತಿ ಬೇಕು. ನಡುವಿನದು ಸ್ಲಶಿ: ಪ್ಲಾನರ್ ಮೆಟೀರಿಯಲ್ ಮತ್ತು ಕೆಪ್ಯಾಸಿಟಿ ನೋಡಿಕೊಂಡು ಒಂದರ ಬದಲಿಗೆ ಇನ್ನೊಂದನ್ನು ಹಾಕಬಹುದು. ದೂರದ್ದು ಲಿಕ್ವಿಡ್: ಅಲ್ಲಿ ಸಿಸ್ಟಂ ಎಷ್ಟು ಬೇಕಾದರೂ ಲೆಕ್ಕ ಬದಲಾಯಿಸಲಿ. ಮೊದಲ ಎರಡರ ನಡುವಿನ ಗಡಿ ಡಿಮಾಂಡ್ ಟೈಮ್ ಫೆನ್ಸ್, ಕೊನೆಯ ಎರಡರ ನಡುವಿನದು ಪ್ಲಾನಿಂಗ್ ಟೈಮ್ ಫೆನ್ಸ್.

ಒಂದು ಪಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎರಕದ ಬಿಡಿಭಾಗ ಕೊಳ್ಳಲು 15 ಕೆಲಸದ ದಿನ, ಮಷೀನಿಂಗ್ 4, ಸಬ್‌ ಅಸೆಂಬ್ಲಿ 2, ಕೊನೆಯ ಜೋಡಣೆ ಮತ್ತು ಟೆಸ್ಟಿಂಗ್ 2, ಒಟ್ಟು 23. ಮೋಟಾರು ನೇರವಾಗಿ ಕೊನೆಯ ಜೋಡಣೆಗೆ ಬರುತ್ತದೆ, ಅದನ್ನು ಕೊಳ್ಳಲು 18 ದಿನ. ಆ ದಾರಿ 20. ಉದ್ದದ ದಾರಿ 23 ದಿನದ್ದು. ಇದು ಕ್ಯುಮುಲೇಟಿವ್ ಲೀಡ್ ಟೈಮ್, ಅಂದರೆ ಕೊಳ್ಳುವುದರಿಂದ ಉತ್ಪನ್ನ ಮುಗಿಯುವವರೆಗೆ ಬೇಕಾದ ಒಟ್ಟು ಸಮಯ. ಪರ್ಚೇಸ್ ಆರ್ಡರ್ ಹೊರಡಿಸಲು ಎರಡು ದಿನ ಸೇರಿಸಿದರೆ ಪ್ಲಾನಿಂಗ್ ಟೈಮ್ ಫೆನ್ಸ್ 25 ಕೆಲಸದ ದಿನ.

ಫ್ರೋಜನ್ ವಲಯಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಕ್ಷಣದ ನಂತರ ಮನಸ್ಸು ಬದಲಾಯಿಸಿದರೆ ಮಾಡಿದ ಕೆಲಸ, ಹಾಕಿದ ಮೆಟೀರಿಯಲ್ ವ್ಯರ್ಥವಾಗುತ್ತದೆ? ನಮ್ಮ ಪಂಪಿನಲ್ಲಿ ಎರಕದ ಬಿಡಿಭಾಗ ಹಲವು ಮಾದರಿಗಳಿಗೆ ಒಂದೇ, ಮಷೀನಿಂಗ್ ಶುರುವಾದ ಮೇಲೆ ಅದು ಒಂದೇ ಮಾದರಿಗೆ ಸೀಮಿತ. ಹಾಗಾದರೆ ಆ ಕ್ಷಣ ಮಷೀನಿಂಗ್‌ನ ಆರಂಭ. ಅಲ್ಲಿಂದ ಕೊನೆಯವರೆಗೆ 4+2+2, ಅಂದರೆ 8 ದಿನ. ಟೂಲಿಂಗ್ ಸಿದ್ಧತೆಗೆ, ಸ್ಟೋರ್‌ನಿಂದ ಮೆಟೀರಿಯಲ್ ತೆಗೆಯಲು ಇನ್ನೆರಡು ದಿನ. ಫ್ರೀಜ್ 10 ಕೆಲಸದ ದಿನ. ಇದಕ್ಕಿಂತ ಉದ್ದ ಬೇಕು ಎನ್ನುವವರು ಹನ್ನೊಂದನೇ ದಿನದ ಬದಲಾವಣೆಯಿಂದ ಏನು ನಷ್ಟ ಎಂದು ತೋರಿಸಲಿ.

ಈ ಲೆಕ್ಕವನ್ನು ಉತ್ಪನ್ನದ ಗುಂಪುಗಳಿಗೆ ಬೇರೆ ಬೇರೆಯಾಗಿ ಮಾಡಿ. ಇಡೀ ಕಾರ್ಖಾನೆಗೆ ಒಂದೇ ಸಂಖ್ಯೆ ಹಾಕಿದರೆ ಬೇಗ ಆಗುವ ಉತ್ಪನ್ನಗಳು ಸುಮ್ಮನೆ ಬಿಗಿಯಾಗುತ್ತವೆ, ನಿಧಾನದವು ಬಯಲಲ್ಲಿ ಉಳಿಯುತ್ತವೆ.

ಹಂತ 2: ಹಳೆಯ ಕಸ ತೆಗೆಯಿರಿ

ಇದಕ್ಕೆ ಹೆಚ್ಚು ಮಾತು ಬೇಡ, ಆದರೆ ಬಿಟ್ಟರೆ ಮುಂದಿನದೆಲ್ಲ ಕೆಡುತ್ತದೆ. ದಿನಾಂಕ ಮೀರಿದ ಆರ್ಡರ್‌ಗಳನ್ನು ಮುಚ್ಚಿ ಅಥವಾ ನಿಜವಾದ ದಿನಾಂಕ ಹಾಕಿ. ಮಾಸ್ಟರ್‌ನಲ್ಲಿರುವ (ಸಿಸ್ಟಂನಲ್ಲಿ ಐಟಂಗಳ ಮೂಲ ಮಾಹಿತಿ ಇರುವ ಜಾಗ) ಲೀಡ್ ಟೈಮನ್ನು ಇತ್ತೀಚಿನ ಆರ್ಡರ್‌ಗಳಲ್ಲಿ ನಿಜವಾಗಿ ಹಿಡಿದ ಸಮಯದ ಜೊತೆ ಹೋಲಿಸಿ. ಟೈಮ್ ಫೆನ್ಸಿನ ಸಂಖ್ಯೆ ಕೆಲಸದ ದಿನಗಳಲ್ಲೋ ಕ್ಯಾಲೆಂಡರ್ ದಿನಗಳಲ್ಲೋ ಎಂದು ನಿಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಐಟಂ ಮೇಲೆ ಪರೀಕ್ಷಿಸಿ. 10 ಕೆಲಸದ ದಿನ ಎಂದರೆ ಎರಡು ವಾರ. 10 ಕ್ಯಾಲೆಂಡರ್ ದಿನ ಎಂದರೆ ವಾರಾಂತ್ಯ ಕಳೆದು ಆರರಿಂದ ಎಂಟು ದಿನ ಮಾತ್ರ.

ಹಂತ 3: ಸಾಫ್ಟ್‌ವೇರ್‌ನಲ್ಲಿ ಫ್ರೀಜ್ ಹಾಕಿ

ದಿನಗಳ ಸಂಖ್ಯೆ ತುಂಬಿದ ಮಾತ್ರಕ್ಕೆ ಫ್ರೀಜ್ ಆಗುವುದಿಲ್ಲ. ಎರಡು ವಿಷಯ ತೀರ್ಮಾನಿಸಬೇಕು. ಗಡಿಯೊಳಗೆ ಬಂದ ಆರ್ಡರ್‌ಗಳು ತಾವಾಗಿ ಫರ್ಮ್ (ಸಿಸ್ಟಂ ಮತ್ತೆ ಕದಲಿಸದಂತೆ ಗಟ್ಟಿ) ಆಗಬೇಕೋ, ಪ್ಲಾನರ್ ಕೈಯಾರೆ ಮಾಡಬೇಕೋ? ಗಡಿಯೊಳಗೆ ಕೊರತೆ ಕಂಡರೆ ಸಿಸ್ಟಂ ಏನು ಮಾಡಬೇಕು?

ಎಸ್‌ಎಪಿ ಸಾಫ್ಟ್‌ವೇರ್‌ನಲ್ಲಿ ಇವೆರಡರ ಉತ್ತರವೂ ಎಂಆರ್‌ಪಿ ಟೈಪ್ ಎಂಬ, ಐಟಂ ಒಂದೊಂದಕ್ಕೂ ಹಾಕುವ ಸೆಟ್ಟಿಂಗ್‌ನಲ್ಲಿದೆ. ಪಿ1 ಹಾಕಿದರೆ ಗಡಿಯೊಳಗಿನ ಪ್ಲಾನ್ಡ್ ಆರ್ಡರ್‌ಗಳು (ಸಿಸ್ಟಂ ಸೂಚಿಸಿದ, ಇನ್ನೂ ಹೊರಡಿಸದ ಆರ್ಡರ್‌ಗಳು) ತಾವಾಗಿ ಫರ್ಮ್ ಆಗುತ್ತವೆ, ಕೊರತೆಗೆ ಹುಟ್ಟುವ ಹೊಸ ಆರ್ಡರ್ ಗಡಿಯ ಆಚೆ ಅಂಚಿಗೆ ಹೋಗಿ ಕೂರುತ್ತದೆ. ಪಿ2ರಲ್ಲೂ ತಾನಾಗಿ ಫರ್ಮ್ ಆಗುತ್ತದೆ, ಆದರೆ ಗಡಿಯೊಳಗಿನ ಕೊರತೆಗೆ ಆರ್ಡರ್ ಹುಟ್ಟುವುದೇ ಇಲ್ಲ. ಪಿ3 ಮತ್ತು ಪಿ4 ಕ್ರಮವಾಗಿ ಇವೇ ಎರಡು ನಡವಳಿಕೆ, ಆದರೆ ಫರ್ಮ್ ಮಾಡುವುದು ಕೈಯಿಂದ. ಮಾಮೂಲಿ ಪಿಡಿ ಟೈಪ್‌ನಲ್ಲಿ ಇಂಥ ರಕ್ಷಣೆ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಪಿ1. ಕೊರತೆ ಅಂಚಿನಲ್ಲಿ ಒಂದು ಆರ್ಡರ್ ಆಗಿ ಕಣ್ಣಿಗೆ ಬೀಳುತ್ತದೆ, ಅದನ್ನು ಒಳಗೆ ತರಬೇಕೋ ಬೇಡವೋ ಎಂದು ಪ್ಲಾನರ್ ನಿರ್ಧರಿಸಬಹುದು. ಪಿ2ರಲ್ಲಿ ಕೊರತೆಯನ್ನು ಹುಡುಕಿ ನೋಡುವ ಶಿಸ್ತು ತಂಡಕ್ಕೆ ಮೊದಲೇ ಇರಬೇಕು.

ಒರಾಕಲ್‌ನಲ್ಲಿ ಡಿಮಾಂಡ್ ಟೈಮ್ ಫೆನ್ಸ್, ಪ್ಲಾನಿಂಗ್ ಟೈಮ್ ಫೆನ್ಸ್, ರಿಲೀಸ್ ಟೈಮ್ ಫೆನ್ಸ್ (ಆರ್ಡರ್ ತಾನಾಗಿ ಹೊರಡುವ ಗಡಿ) ಎಂದು ಮೂರು ಬೇರೆ ಬೇರೆ. ಗಡಿಯನ್ನು ನೀವೇ ದಿನಗಳಲ್ಲಿ ಕೊಡಬಹುದು, ಅಥವಾ ಕ್ಯುಮುಲೇಟಿವ್ ಲೀಡ್ ಟೈಮ್‌ಗೆ ಕಟ್ಟಬಹುದು. ಎರಡನೆಯದು ಸುಲಭ ಅನಿಸುತ್ತದೆ; ಆದರೆ ಯಾರೋ ಒಂದು ಐಟಂನ ಲೀಡ್ ಟೈಮ್ ತಿದ್ದಿದರೆ ನಿಮ್ಮ ಗಡಿಯೂ ಸದ್ದಿಲ್ಲದೆ ಸರಿಯುತ್ತದೆ ಎಂಬುದು ನೆನಪಿರಲಿ. ಡೈನಾಮಿಕ್ಸ್ 365 ಸಪ್ಲೈ ಚೈನ್‌ನಲ್ಲಿ ಫ್ರೀಜ್ ಟೈಮ್ ಫೆನ್ಸ್ ಬೇರೆ, ಫರ್ಮಿಂಗ್ ಟೈಮ್ ಫೆನ್ಸ್ ಬೇರೆ. ಅಲ್ಲಿ ಫರ್ಮ್ ಮಾಡಿದರೆ ಪ್ಲಾನ್ಡ್ ಆರ್ಡರ್ ನಿಜವಾದ ಪರ್ಚೇಸ್ ಅಥವಾ ಪ್ರೊಡಕ್ಷನ್ ಆರ್ಡರ್ ಆಗಿಬಿಡುತ್ತದೆ. ಎಸ್‌ಎಪಿಯಲ್ಲಿ ಫರ್ಮ್ ಆದದ್ದು ಇನ್ನೂ ಪ್ಲಾನ್ಡ್ ಆರ್ಡರೇ. ಒಂದರಿಂದ ಇನ್ನೊಂದಕ್ಕೆ ಬಂದ ಪ್ಲಾನರ್‌ಗಳಿಗೆ ಇದನ್ನು ಮೊದಲ ದಿನವೇ ಹೇಳಿ.

ಬೇಡಿಕೆಯ ಕಡೆಯನ್ನೂ ಮರೆಯಬೇಡಿ. ಫ್ರೋಜನ್ ವಲಯದೊಳಗೆ ಫೋರ್‌ಕಾಸ್ಟ್ ಲೆಕ್ಕಕ್ಕೆ ಬರಬಾರದು, ಕೈಗೆ ಬಂದ ಗ್ರಾಹಕರ ಆರ್ಡರ್ ಮಾತ್ರ ಬರಬೇಕು. ನಾಳೆಯ ಉತ್ಪಾದನೆಯನ್ನು ಊಹೆಯ ಸಂಖ್ಯೆ ಕದಲಿಸುವುದಕ್ಕೆ ಅರ್ಥವಿಲ್ಲ. ಸ್ಟಾಕ್‌ಗಾಗಿಯೇ ಉತ್ಪಾದಿಸುವ ಐಟಂಗಳಲ್ಲಿ ಮಾತ್ರ ಈ ನಿಯಮವನ್ನು ಯೋಚಿಸಿ ಹಾಕಬೇಕು. ಅಲ್ಲಿ ಕೈಯಲ್ಲಿ ಆರ್ಡರ್ ಇಲ್ಲದಿದ್ದರೂ ನಾಳೆ ಮಾರಾಟ ಇದ್ದೇ ಇರುತ್ತದೆ.

ಗಡಿಯ ಆಚೆಗೂ ಸ್ವಲ್ಪ ಶಾಂತಿ ಬೇಕಿದ್ದರೆ ಡ್ಯಾಂಪನರ್ ಬಳಸಿ. ಮೈಕ್ರೋಸಾಫ್ಟ್‌ನ ಬಿಸಿನೆಸ್ ಸೆಂಟ್ರಲ್‌ನಲ್ಲಿ ಡ್ಯಾಂಪನರ್ ಪೀರಿಯಡ್, ಡ್ಯಾಂಪನರ್ ಕ್ವಾಂಟಿಟಿ ಎಂಬ ಎರಡು ಸೆಟ್ಟಿಂಗ್ ಇವೆ. ಇಷ್ಟು ದಿನಕ್ಕಿಂತ ಕಡಿಮೆ ಮುಂದೂಡಿಕೆ, ಇಷ್ಟು ನಗಕ್ಕಿಂತ ಕಡಿಮೆ ಇಳಿಕೆ ಇದ್ದರೆ ಸಿಸ್ಟಂ ಸಲಹೆಯನ್ನೇ ಕೊಡುವುದಿಲ್ಲ.

ಕೊನೆಯದಾಗಿ ಒಂದು ಬಲೆ. ಎಸ್‌ಎಪಿಯಲ್ಲಿ ಪ್ಲಾನ್ಡ್ ಆರ್ಡರ್‌ನ ದಿನಾಂಕವನ್ನೋ ಪ್ರಮಾಣವನ್ನೋ ಕೈಯಿಂದ ಬದಲಾಯಿಸಿದರೆ ಅದು ಫರ್ಮ್ ಆಗುತ್ತದೆ, ಗಡಿಯ ಎಷ್ಟೇ ಆಚೆ ಇದ್ದರೂ. ಮೂರು ತಿಂಗಳ ನಂತರದ ಆರ್ಡರನ್ನು ಯಾರೋ ಒಮ್ಮೆ ಮುಟ್ಟಿರುತ್ತಾರೆ, ಬೇಡಿಕೆ ಹೋದ ಮೇಲೂ ಅದು ಅಲ್ಲೇ ನಿಂತು ಬಿಡಿಭಾಗಗಳನ್ನು ಎಳೆಯುತ್ತಿರುತ್ತದೆ. ಗಡಿಯ ಹೊರಗಿರುವ ಫರ್ಮ್ ಆರ್ಡರ್‌ಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು ಬೇಡದ್ದನ್ನು ಬಿಡಿಸಿ.

ಹಂತ 4: ಒಳಗೆ ಬರಲಿರುವ ವಾರವನ್ನು ನೋಡಿ

ಫ್ರೀಜ್ ನಿಂತಲ್ಲೇ ನಿಲ್ಲುವುದಿಲ್ಲ. ದಿನ ಕಳೆದಂತೆ ಗಡಿ ಮುಂದೆ ಸರಿಯುತ್ತದೆ, ಹೊಸ ಆರ್ಡರ್‌ಗಳು ಒಳಗೆ ಬೀಳುತ್ತವೆ. ತಾನಾಗಿ ಫರ್ಮ್ ಆಗುವ ವ್ಯವಸ್ಥೆಯಲ್ಲಿ ತಪ್ಪು ಆರ್ಡರ್ ಕೂಡ ಸರಿಯಾದದ್ದರಷ್ಟೇ ಗಟ್ಟಿಯಾಗಿ ಫ್ರೀಜ್ ಆಗುತ್ತದೆ. ಹಾಗಾಗಿ ವಾರದ ಪ್ಲಾನಿಂಗ್ ಮೀಟಿಂಗ್‌ನ ಹೆಚ್ಚಿನ ಹೊತ್ತು, ಮುಂದಿನ ಬಾರಿ ಗಡಿಯೊಳಗೆ ಬರಲಿರುವ ವಾರದ ಮೇಲೆ ಹೋಗಬೇಕು. ಅಲ್ಲಿನ ಆರ್ಡರ್‌ಗಳಿಗೆ ಮೆಟೀರಿಯಲ್ ಇದೆಯೇ? ಮಷೀನ್ ಮೇಲೆ ಹೊರೆ ಹೆಚ್ಚಿದೆಯೇ? ಬೇಡಿಕೆ ಇನ್ನೂ ಇದೆಯೇ? ಎಸ್‌ಎಪಿಯ ಎಕ್ಸೆಪ್ಷನ್ ಸಂದೇಶಗಳಲ್ಲಿ 10 ಎಂದರೆ ಮುಂಚೆ ತನ್ನಿ, 15 ಎಂದರೆ ಮುಂದೂಡಿ, 20 ಎಂದರೆ ರದ್ದು ಮಾಡಿ. ಒಳಗೆ ಬರಲಿರುವ ವಾರಕ್ಕೆ ಸಂಬಂಧಿಸಿದ ಇಂಥ ಸಂದೇಶಗಳನ್ನೆಲ್ಲ ಬಗೆಹರಿಸಿದ ಮೇಲೇ ಅದು ಒಳಗೆ ಹೋಗಲಿ. ಮೀಟಿಂಗ್ ಬರೀ ಈಗಿನ ವಾರದ ತುರ್ತುಗಳಲ್ಲೇ ಮುಗಿಯುತ್ತಿದ್ದರೆ ಎರಡು ವಾರದ ನಂತರವೂ ತುರ್ತುಗಳೇ ಇರುತ್ತವೆ.

ಹಂತ 5: ಬೇಸ್‌ಲೈನ್ ಉಳಿಸಿ

ಬದಲಾವಣೆ ಅಳೆಯಲು ಯಾವುದರಿಂದ ಬದಲಾಯಿತು ಎಂಬುದು ಬೇಕು. ವಾರದ ಒಂದು ನಿಶ್ಚಿತ ಹೊತ್ತಿನಲ್ಲಿ, ಮೀಟಿಂಗ್ ಮುಗಿದ ಮೇಲೆ, ಫ್ರೋಜನ್ ವಲಯದ ಪೂರ್ತಿ ನಕಲು ತೆಗೆದಿಡಿ: ಐಟಂ, ಪ್ರಮಾಣ, ಆರಂಭ ಮತ್ತು ಮುಕ್ತಾಯದ ದಿನಾಂಕ, ಮಷೀನ್ ಅಥವಾ ಲೈನ್, ಬಿಲ್ ಆಫ್ ಮೆಟೀರಿಯಲ್‌ನ ಆವೃತ್ತಿ. ಸಾಫ್ಟ್‌ವೇರ್‌ನಲ್ಲಿ ಪ್ಲಾನ್ ವರ್ಷನ್ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಯಾರೂ ತಿದ್ದಲಾಗದ ಒಂದು ಟೇಬಲ್ ಸಾಕು.

ಹೋಲಿಸುವಾಗ ಆರ್ಡರ್ ನಂಬರನ್ನು ನೆಚ್ಚಿಕೊಳ್ಳಬೇಡಿ. ಫರ್ಮ್ ಆಗದ ಪ್ಲಾನ್ಡ್ ಆರ್ಡರ್‌ಗಳನ್ನು ಎಂಆರ್‌ಪಿ ರನ್ ಅಳಿಸಿ ಹೊಸ ನಂಬರ್‌ನಲ್ಲಿ ಮತ್ತೆ ಹುಟ್ಟಿಸಬಹುದು. ಪ್ಲಾನ್ಡ್ ಆರ್ಡರ್ ಪ್ರೊಡಕ್ಷನ್ ಆರ್ಡರ್ ಆದಾಗಲೂ ನಂಬರ್ ಬದಲಾಗುತ್ತದೆ. ನಂಬರ್ ಮೇಲೆ ಹೋಲಿಸಿದರೆ ಏನೂ ಬದಲಾಗದ ಪ್ಲಾನ್ ಕೂಡ ಪೂರ್ತಿ ಬದಲಾದಂತೆ ಕಾಣುತ್ತದೆ. ಐಟಂ, ಲೈನ್, ದಿನ ಈ ಮೂರನ್ನು ಕೀಲಿಯಾಗಿಟ್ಟು ಪ್ರಮಾಣ ಹೋಲಿಸಿ.

ಹಂತ 6: ಬದಲಾವಣೆಯ ದಾಖಲೆ ಕಟ್ಟಿ

ಸಾಫ್ಟ್‌ವೇರ್‌ಗಳ ಆಡಿಟ್ ಟ್ರೇಲ್ ಯಾರು, ಯಾವಾಗ, ಹಳೆಯ ಮೌಲ್ಯ, ಹೊಸ ಮೌಲ್ಯ ಇಷ್ಟನ್ನು ಕೊಡುತ್ತದೆ. ಬೇಕಾದ ಆಬ್ಜೆಕ್ಟ್‌ಗಳಿಗೆ ಅದನ್ನು ಆನ್ ಮಾಡಿದ್ದೀರಾ ನೋಡಿ. ಎಷ್ಟೋ ಸಿಸ್ಟಂಗಳಲ್ಲಿ ಆರ್ಡರ್ ಮಟ್ಟದ ದಾಖಲೆಯನ್ನು ನಾವೇ ಆನ್ ಮಾಡಬೇಕಾಗುತ್ತದೆ. ಆದರೆ ನಿಜಕ್ಕೂ ಉಪಯೋಗಕ್ಕೆ ಬರುವ ಮಾಹಿತಿಯನ್ನು ಅದು ತಾನಾಗಿ ಕೊಡುವುದಿಲ್ಲ, ನೀವು ಸೇರಿಸಬೇಕು:

- ಬದಲಾವಣೆ ಕೇಳಿದವರು ಯಾರು (ಟೈಪ್ ಮಾಡಿದ ಪ್ಲಾನರ್ ಬೇರೆ, ಕೇಳಿದವರು ಬೇರೆ)
- ಕಾರಣದ ಕೋಡ್
- ಒಪ್ಪಿಗೆ ಕೊಟ್ಟವರು
- ಇದಕ್ಕೆ ಜಾಗ ಮಾಡಿಕೊಡಲು ಹಿಂದೆ ಸರಿದ ಆರ್ಡರ್ ಯಾವುದು

ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಒಂದು ತುರ್ತು ಆರ್ಡರ್ ಒಳಗೆ ಬಂದಾಗ ಅದರ ಗ್ರಾಹಕರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಅದರಿಂದ ತಡವಾದ ಆರ್ಡರ್‌ನ ಗ್ರಾಹಕರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆ ಎರಡನೇ ಹೆಸರು ದಾಖಲೆಯಲ್ಲಿ ಇದ್ದರೆ ಒಪ್ಪಿಗೆ ಕೊಡುವವರ ಯೋಚನೆಯೇ ಬೇರೆಯಾಗುತ್ತದೆ.

ಕಾರಣದ ಕೋಡ್‌ಗಳು ಹತ್ತರೊಳಗಿರಲಿ: ಗ್ರಾಹಕರ ಬದಲಾವಣೆ, ಮೆಟೀರಿಯಲ್ ಕೊರತೆ, ಮಷೀನ್ ಕೆಟ್ಟದ್ದು, ಗುಣಮಟ್ಟದ ತಿರಸ್ಕಾರ, ವಿನ್ಯಾಸ ಬದಲಾವಣೆ, ಜನರ ಕೊರತೆ, ಮಾಸ್ಟರ್ ಡೇಟಾ ತಪ್ಪು, ಪ್ಲಾನಿಂಗ್ ತಪ್ಪು. ‘ಇತರೆ’ ಎಂಬ ಕೋಡ್ ಇಟ್ಟರೆ ಜೊತೆಗೆ ವಿವರಣೆಯನ್ನು ಕಡ್ಡಾಯ ಮಾಡಿ, ಇಲ್ಲದಿದ್ದರೆ ಎಲ್ಲವೂ ಅದರಲ್ಲೇ ಸೇರುತ್ತದೆ. ರಾತ್ರಿಯ ಬ್ಯಾಚ್ ರನ್‌ಗೆ ಪ್ರತ್ಯೇಕ ಯೂಸರ್ ಐಡಿ ಕೊಡಿ. ಫ್ರೋಜನ್ ವಲಯದೊಳಗೆ ಆ ಐಡಿಯಿಂದ ಒಂದು ಬದಲಾವಣೆ ಕಂಡರೂ ನಿಮ್ಮ ಸೆಟ್ಟಿಂಗ್‌ನಲ್ಲಿ ಎಲ್ಲೋ ಬಿರುಕಿದೆ ಎಂದು ತಕ್ಷಣ ತಿಳಿಯುತ್ತದೆ.

ಗುಣಮಟ್ಟದ ಪ್ರಮಾಣಪತ್ರ ಇರುವ ಕಾರ್ಖಾನೆಗಳಿಗೆ ಈ ದಾಖಲೆ ಬೇರೆ ರೀತಿಯಲ್ಲೂ ಬೇಕಾಗುತ್ತದೆ. ಐಎಸ್‌ಒ 9001:2015ರ 8.5.6ನೇ ಕಲಂ ಉತ್ಪಾದನೆಯ ಬದಲಾವಣೆಗಳ ಪರಿಶೀಲನೆಯ ಫಲಿತಾಂಶ, ಅನುಮತಿ ಕೊಟ್ಟವರು, ಕೈಗೊಂಡ ಅಗತ್ಯ ಕ್ರಮ ಇವುಗಳ ದಾಖಲೆ ಉಳಿಸಬೇಕು ಎನ್ನುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮಗಳಿಗೆ ಒಳಪಟ್ಟ ಔಷಧ ತಯಾರಕರಿಗೆ 21 ಸಿಎಫ್‌ಆರ್ ಭಾಗ 11 (ಎಲೆಕ್ಟ್ರಾನಿಕ್ ದಾಖಲೆಗಳ ನಿಯಮ) ಇನ್ನೂ ಬಿಗಿ: ಹೊಸ ನಮೂದು ಹಳೆಯ ಮಾಹಿತಿಯನ್ನು ಮರೆಮಾಡುವಂತಿಲ್ಲ.

ಹಂತ 7: ಫ್ರೀಜ್ ಮುರಿಯುವ ದಾರಿಯನ್ನೂ ಬರೆದಿಡಿ

ಮುರಿಯಲೇಬೇಕಾದ ಸಂದರ್ಭಗಳು ಬರುತ್ತವೆ. ಅಧಿಕೃತ ದಾರಿ ಇಲ್ಲದಿದ್ದರೆ ಫೋನ್ ಕರೆಯಲ್ಲಿ ಮುರಿಯುತ್ತದೆ. ಕೋರಿಕೆ ಬರಲಿ, ಪ್ಲಾನರ್ ಮೆಟೀರಿಯಲ್, ಕೆಪ್ಯಾಸಿಟಿ, ಹಿಂದೆ ಸರಿಯುವ ಆರ್ಡರ್ ಈ ಮೂರನ್ನು ನೋಡಿ ಬರೆಯಲಿ, ಆಮೇಲೆ ಒಪ್ಪಿಗೆ. ಒಪ್ಪಿಗೆ ಕೊಡುವವರು ಸೇಲ್ಸ್ ಮುಖ್ಯಸ್ಥರೂ ಆಗಬಾರದು, ಉತ್ಪಾದನೆಯ ಮುಖ್ಯಸ್ಥರೂ ಆಗಬಾರದು. ಗ್ರಾಹಕ ಸೇವೆ ಮತ್ತು ಖರ್ಚು ಎರಡಕ್ಕೂ ಉತ್ತರ ಕೊಡಬೇಕಾದ ಒಬ್ಬರು, ಸಾಮಾನ್ಯವಾಗಿ ಪ್ಲಾಂಟ್ ಅಥವಾ ಸಪ್ಲೈ ಚೈನ್ ಮುಖ್ಯಸ್ಥರು, ಇರಬೇಕು. ರಾತ್ರಿ ಪಾಳಿಯಲ್ಲಿ ಮಷೀನ್ ಕೆಟ್ಟರೆ ಯಾರನ್ನೂ ಕಾಯುವುದು ಬೇಡ. ಸೂಪರ್‌ವೈಸರ್ ಬದಲಾಯಿಸಲಿ, ಕಾರಣ ಮುಂದಿನ ಪಾಳಿಯೊಳಗೆ ದಾಖಲಾಗಲಿ.

ಹಂತ 8: ವಿನ್ಯಾಸ ಬದಲಾವಣೆ ಮತ್ತು ಸರಬರಾಜುದಾರರು

ಎಂಜಿನಿಯರಿಂಗ್ ಚೇಂಜ್ ಒಂದು ಜಾರಿಯ ದಿನಾಂಕ ಹೊತ್ತು ಬರುತ್ತದೆ. ಆ ದಿನಾಂಕ ಫ್ರೋಜನ್ ವಲಯದೊಳಗೆ ಬಿದ್ದರೆ ಆರ್ಡರ್ ದಿನಾಂಕ ಕದಲದೇ ಇದ್ದರೂ ಅದರೊಳಗಿನ ಬಿಡಿಭಾಗ ಬದಲಾಗಬಹುದು. ಎಸ್‌ಎಪಿಯ ಪ್ಲಾನ್ಡ್ ಆರ್ಡರ್‌ನಲ್ಲಿ ಆರ್ಡರ್ ಫರ್ಮ್ ಮಾಡುವ ಗುರುತು ಬೇರೆ, ಬಿಡಿಭಾಗಗಳನ್ನು ಫರ್ಮ್ ಮಾಡುವ ಗುರುತು ಬೇರೆ. ಪ್ರೊಡಕ್ಷನ್ ಆರ್ಡರ್ ಆದ ಮೇಲೆ ಬಿಡಿಭಾಗಗಳ ಪಟ್ಟಿ ಆ ಆರ್ಡರ್‌ಗೇ ಸೇರಿದ ನಕಲಾಗಿರುತ್ತದೆ, ಮಾಸ್ಟರನ್ನು ಮತ್ತೆ ಓದಿಸುವವರೆಗೆ ಹಳೆಯದೇ ಉಳಿಯುತ್ತದೆ. ಸುರಕ್ಷತೆಗೆ ಸಂಬಂಧಿಸಿದ ಬದಲಾವಣೆಯನ್ನು ಬಿಟ್ಟು ಉಳಿದವುಗಳ ಜಾರಿಯ ದಿನಾಂಕ ಫ್ರೀಜ್ ಗಡಿಯ ಆಚೆಯೇ ಇರಲಿ ಎಂಬ ನಿಯಮ ಮಾಡಿ. ಹಳೆಯ ಸ್ಟಾಕ್ ಮುಗಿಸಬೇಕೋ, ಮರುಕೆಲಸ ಮಾಡಬೇಕೋ, ಗುಜರಿಗೆ ಹಾಕಬೇಕೋ ಎಂಬುದು ಅದೇ ಬದಲಾವಣೆಯ ಕಾಗದದಲ್ಲಿ ಬರೆದಿರಲಿ.

ಸರಬರಾಜುದಾರರಿಗೂ ಗಡಿ ತಿಳಿಸಬೇಕು. ಡೆಲಿವರಿ ಶೆಡ್ಯೂಲ್‌ನಲ್ಲಿ ಎರಡು ವಲಯ ಬರೆಯುವ ಪದ್ಧತಿ ಇದೆ: ಫರ್ಮ್ ವಲಯದಲ್ಲಿ ಅವರು ತಯಾರಿಸಿದ್ದಕ್ಕೆ ನೀವು ಹೊಣೆ, ಟ್ರೇಡ್‌ ಆಫ್ ವಲಯದಲ್ಲಿ ಅವರು ಕೊಂಡ ಕಚ್ಚಾ ಮೆಟೀರಿಯಲ್‌ಗೆ ಮಾತ್ರ ಹೊಣೆ. ಒಳಗೆ ನಾವು ಫ್ರೀಜ್ ಮಾಡಿ, ಅವರಿಗೆ ದಿನಾ ಹೊಸ ಸಂಖ್ಯೆ ಕಳಿಸುತ್ತಿದ್ದರೆ ಕೊರತೆಯ ರೂಪದಲ್ಲಿ ಅದು ನಮಗೇ ಮರಳುತ್ತದೆ.

ಹಂತ 9: ಅಳೆಯಿರಿ, ಗಡಿ ತಿದ್ದಿ

ಬೇಸ್‌ಲೈನ್‌ನಲ್ಲಿ ಒಂದು ವಾರಕ್ಕೆ 500 ನಗ ಇತ್ತು ಎಂದುಕೊಳ್ಳಿ. ವಾರದಲ್ಲಿ 60ರ ಒಂದು ಆರ್ಡರ್ ರದ್ದಾಯಿತು, 40ರ ಒಂದು ತುರ್ತಾಗಿ ಸೇರಿತು, 50ರ ಒಂದು ಮಂಗಳವಾರದಿಂದ ಗುರುವಾರಕ್ಕೆ ಹೋಯಿತು. ಒಟ್ಟು 480, ಮೇಲಿಂದ ನೋಡಿದರೆ ಬರೀ 4 ಶೇಕಡಾ ವ್ಯತ್ಯಾಸ. ಕದಲಿದ ಪ್ರಮಾಣವನ್ನು ಕೂಡಿದರೆ 60+40+50, ಅಂದರೆ 150. ಬೇಸ್‌ಲೈನ್‌ನ 30 ಶೇಕಡಾ. ಶಾಪ್ ಫ್ಲೋರ್ ಅನುಭವಿಸಿದ್ದು ಈ 30ನ್ನು. ಪ್ಲಾನ್‌ನ ಸ್ಥಿರತೆ 70 ಶೇಕಡಾ ಎಂದು ಬರೆಯಿರಿ. ಪ್ಲಾನ್ ಪ್ರಕಾರ ಉತ್ಪಾದನೆ ಆಯಿತೇ ಎಂಬ ಅಳತೆ ಬೇರೆ, ಅದನ್ನು ಇದರ ಜೊತೆ ಬೆರೆಸಬೇಡಿ. ದಿನಾ ಬದಲಾಗುವ ಪ್ಲಾನನ್ನು ಆಯಾ ದಿನ ಪೂರೈಸಿದರೆ ಎರಡನೆಯದು 100 ತೋರಿಸುತ್ತದೆ.

ಮೊದಲು ಒಂದೇ ಉತ್ಪನ್ನ ಗುಂಪಿನಲ್ಲಿ ಶುರು ಮಾಡಿ. ಅದಕ್ಕೂ ಮುನ್ನ ಟೆಸ್ಟ್ ಸಿಸ್ಟಂನಲ್ಲಿ ಗಡಿಯೊಳಗೆ ಬೇಡಿಕೆ ಹೆಚ್ಚಿಸಿ, ಇಳಿಸಿ, ರದ್ದು ಮಾಡಿ, ಗಡಿಯ ದಿನದಂದೇ ಒಂದು ಆರ್ಡರ್ ಇಟ್ಟು ರನ್ ಮಾಡಿ ನೋಡಿ.

ತಿಂಗಳಿಗೊಮ್ಮೆ ಕಾರಣದ ಕೋಡ್‌ಗಳನ್ನು ಎಣಿಸಿ. ಮೆಟೀರಿಯಲ್ ಕೊರತೆಯೇ ಮೇಲಿದ್ದರೆ ಪ್ಲಾನಿಂಗ್ ಟೈಮ್ ಫೆನ್ಸ್ ಗಿಡ್ಡವಾಗಿದೆ, ಅಥವಾ ಲೀಡ್ ಟೈಮ್ ಸುಳ್ಳು. ಗ್ರಾಹಕರ ಬದಲಾವಣೆ ಮೇಲಿದ್ದರೆ ಫ್ರೀಜ್ ಉದ್ದ ಮಾಡಿ ಅವರನ್ನು ತಡೆಯಲು ಹೋಗಬೇಡಿ. ಯಾವ ಹಂತದವರೆಗೆ ಸಾಮಾನ್ಯ ಬಿಡಿಭಾಗವಾಗಿ ಉಳಿಸಬಹುದು ಎಂದು ಎಂಜಿನಿಯರಿಂಗ್‌ನವರ ಜೊತೆ ಕೂತು ನೋಡಿ. ನಮ್ಮ ಪಂಪಿನಲ್ಲಿ ಮಾದರಿಯ ವ್ಯತ್ಯಾಸ ಮಷೀನಿಂಗ್ ಬದಲು ಸಬ್‌ ಅಸೆಂಬ್ಲಿಯಲ್ಲಿ ಬರುವಂತಾದರೆ ಫ್ರೀಜ್ 10 ದಿನದಿಂದ 6ಕ್ಕೆ ಇಳಿಯುತ್ತದೆ. ಹಾಗೆ ಗಡಿ ತಿದ್ದಿದಾಗಲೆಲ್ಲ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ದಿನಾಂಕ, ಕಾರಣ ಇವನ್ನೂ ಅದೇ ದಾಖಲೆಗೆ ಸೇರಿಸಿ. 10 ದಿನದ ಫ್ರೀಜ್‌ನ ಸ್ಥಿರತೆಯನ್ನು 6 ದಿನದ್ದರ ಜೊತೆ ನೇರವಾಗಿ ಹೋಲಿಸಲು ಬರುವುದಿಲ್ಲ. ತಿದ್ದಿದ ದಿನದಿಂದ ಹೊಸ ಬೇಸ್‌ಲೈನ್, ಹೊಸ ಲೆಕ್ಕ.